ಏಳನೆಯ ಸೂಜಿ

ಹರಿದ ಸಂತೆಚೀಲಕ್ಕೆ ನಾಲ್ಕು ಹೊಲಿಗೆ ಹಾಕೋಣವೆಂದು ರೋಷನ್ ಬೀ ಬೆಳಿಗ್ಗೆ ಸೂಜಿ ಡಬ್ಬಿ ತೆರೆದಳು. ಮುಲಾಮಿನ ಹಳೆಯ ತಗಡಿನ ಡಬ್ಬಿ. ಒಳಗೆ ಮಡಿಸಿಟ್ಟ ಉಣ್ಣೆಬಟ್ಟೆಯ ತುಂಡು, ಅದಕ್ಕೆ ಚುಚ್ಚಿಟ್ಟ ಏಳು ಸೂಜಿ. ಎಲ್ಲವೂ ಹಳೆಬಟ್ಟೆಯ ಪದರ ಕೂಡಿಸಿ ಕೌದಿ ಹೊಲಿಯುವ ಸೂಜಿಗಳು, ಬೆರಳುದ್ದದವು. ಮೊದಲು ಕೈಗೆ ಸಿಕ್ಕಿದ್ದನ್ನು ಎಳೆದಳು. ಅದು ಸೂಜಿಯ ಹಾಗೆ ಬರಲಿಲ್ಲ. ತುದಿ ಮೊಂಡಾಗಿತ್ತು, ಮೈ ತರಿತರಿಯಾಗಿತ್ತು. ಬೆರಳ ನಡುವೆ ಹೊರಳಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣ ಹತ್ತಿರಕ್ಕೆ ತಂದಳು. ಗ್ಯಾಸ್ ಒಲೆಯ ತೂತು ಬಿಡಿಸಲು ಸೊಸೆ ಸನಾ ನೆಟ್ಟಗೆ ಮಾಡಿಕೊಂಡು, ಮರೆತು ಇಲ್ಲೇ ಚುಚ್ಚಿಟ್ಟಿದ್ದ ತಲೆಪಿನ್ನು ಅದು.

ಉಳಿದವನ್ನು ಎಣಿಸಿದಳು. ಆರು. ಮತ್ತೆ ಎಣಿಸಿದಳು, ಒಂದೊಂದನ್ನೇ ಕಿತ್ತು ತಟ್ಟೆಯಲ್ಲಿಟ್ಟು. ಆರೇ.

ಮೊನ್ನೆ ಸಂಜೆ ಏಳು ಎಣಿಸಿದ್ದಳು. ಕೌದಿ ಮುಗಿದೊಡನೆ ಸೂಜಿ ಎಣಿಸುವುದು, ಎಣಿಕೆ ಸರಿಯಾದ ಮೇಲೆಯೇ ಕೌದಿಯನ್ನು ಮಡಚುವುದು. ಅತ್ತೆ ಕಲಿಸಿದ್ದು ಅದು, ನಲವತ್ತು ವರ್ಷ ತಪ್ಪಿರಲಿಲ್ಲ. ಮೊನ್ನೆಯೂ ಎಣಿಸಿದ್ದಳು, ಆದರೆ ಬೆರಳಿನಿಂದ. ಪಕ್ಕದ ಮನೆಯ ಗಂಗಕ್ಕನನ್ನು ಕರೆದೊಯ್ಯಲು ಕಾರು ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಉಣ್ಣೆಬಟ್ಟೆಯ ಮೇಲೆ ಬೆರಳಾಡಿಸಿ ಒಂದು, ಎರಡು ಎಂದು ತಲೆಗಳನ್ನಷ್ಟೇ ಮುಟ್ಟಿದ್ದಳು.

ಹಾಗಾದರೆ ಏಳನೆಯದು ಕೌದಿಯ ಒಳಗಿದೆ. ಕೌದಿ ಗಂಗಕ್ಕನ ಜೊತೆ ಕಾನಸೂರಿಗೆ, ಅವಳ ಮಗಳ ಮನೆಗೆ ಹೋಗಿದೆ. ಗಂಗಕ್ಕನ ಮೊಮ್ಮಗಳು, ಮೂರು ತಿಂಗಳ ಗಗನಾಳನ್ನು ಇವತ್ತು ತೊಟ್ಟಿಲ ಶಾಸ್ತ್ರದಲ್ಲಿ ಅದರ ಮೇಲೆ ಮಲಗಿಸುತ್ತಾರೆ.

ರೋಷನ್ ಬೀ ನೆಲಕ್ಕೆ ಕುಳಿತಳು. ಅಲ್ಲಿಂದಲೇ ಮಂಡಿಯೂರಿ ಜಗುಲಿಯನ್ನೆಲ್ಲ ಅಂಗೈಯಿಂದ ಸವರಿದಳು. ಚಾಪೆ ಕೊಡವಿದಳು. ಚಿಂದಿಯ ಗಂಟು ಬಿಚ್ಚಿ ಒಂದೊಂದು ತುಂಡನ್ನೂ ಹಿಂಡಿ ನೋಡಿದಳು. ಚುಚ್ಚಲಿ ಎಂದು ಬೇಡಿಕೊಳ್ಳುತ್ತ ಹಿಂಡಿದಳು. ಏನೂ ಚುಚ್ಚಲಿಲ್ಲ.

ಮಗ ಅತೀಕ್ ಯಲ್ಲಾಪುರಕ್ಕೆ ಗಾಡಿ ತೆಗೆದುಕೊಂಡು ಹೋಗಿದ್ದ. ಸನಾ ಔಷಧಿ ಅಂಗಡಿಯ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಫೋನ್ ತೆಗೆದು, ಸನಾ ಗುರುತಿಟ್ಟುಕೊಟ್ಟಿದ್ದ ಮೂರನೆಯ ಚಿತ್ರವನ್ನು ಒತ್ತಿದಳು.

"ಅಯ್ಯೋ, ರೋಷನ್ ಬೀ! ನಿಂಗೆ ನೂರು ವರ್ಷ ಆಯಸ್ಸು ನೋಡು," ಗಂಗಕ್ಕನ ದನಿ ಪಾತ್ರೆಗಳ ಸದ್ದಿನ ನಡುವಿನಿಂದ ಬಂತು. "ಈಗಷ್ಟೇ ನಿನ್ನ ಸುದ್ದಿ. ನಮ್ಮ ಬೀಗಿತ್ತಿ ಬೆಳಗಿಂದ ಕೌದಿಲಿ ತಪ್ಪು ಹುಡುಕ್ತಾ ಇದ್ದು, ಸಿಕ್ಕಿದ್ದಿಲ್ಲೆ!"

"ಗಂಗಕ್ಕ, ಆ ಕೌದೀನ..."

"ಎಂತ? ಸರೀ ಕೇಳ್ತಿಲ್ಲೆ."

"ಕೂಸು ಹೇಗಿದೆ?" ಎಂದಳು ರೋಷನ್ ಬೀ. ಅವಳು ಕೇಳಬೇಕೆಂದಿದ್ದು ಅದಲ್ಲ.

"ಚಲೋ ಇದ್ದು ಮಾರಾಯ್ತಿ. ಹನ್ನೊಂದಕ್ಕೆ ತೊಟ್ಟಿಲಿಗೆ ಹಾಕೂದು. ಕೌದಿ ಮಡಚಿದ್ದು ಮಡಚಿದಂಗೇ ಇದ್ದು, ತೊಟ್ಟಿಲಲ್ಲೇ ಬಿಚ್ಚವು ಹೇಳಿ. ನೀ ಬರಬೇಕಿತ್ತು..."

ಮಾತು ತುಂಡಾಯಿತು. ಮತ್ತೆ ಒತ್ತಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಒಬ್ಬ ಹೆಂಗಸು ಹೇಳಿದಳು. ಇನ್ನೆರಡು ಸಲ ಒತ್ತಿದಾಗಲೂ ಅವಳೇ ಹೇಳಿದಳು.

ಹೇಳಬಹುದಿತ್ತು. 'ಕೌದಿಯಲ್ಲಿ ಸೂಜಿಯಿದೆ' ಎಂಬ ಎರಡು ಪದಕ್ಕೆ ಸಮಯವಿತ್ತು. ಹೇಳಲಿಲ್ಲ. ಸೂಜಿ ಹೇಗೆ ಉಳಿಯಿತು ಎಂದು ಗಂಗಕ್ಕ ಕೇಳುತ್ತಾಳೆ, ಆಗ ಕಣ್ಣಿನ ವಿಷಯ ಹೇಳಬೇಕಾಗುತ್ತದೆ. ಒಂದು ವರ್ಷದಿಂದ ರೋಷನ್ ಬೀಯ ಕಣ್ಣಿಗೆ ಲೋಕ ಅಕ್ಕಿ ತೊಳೆದ ನೀರಿನೊಳಗೆ ಮುಳುಗಿದಂತೆ ಕಾಣುತ್ತಿತ್ತು. ಕೈಗೆ ಎಣ್ಣೆಯಾಗಿದೆ, ಬೆರಳು ನೋಯುತ್ತಿದೆ ಎಂದು ದಿನಕ್ಕೊಂದು ನೆಪ ಹೇಳಿ ಸನಾಳಿಂದಲೇ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟುಕೊಳ್ಳುತ್ತಿದ್ದಳು. ಹೊಲಿಗೆಯನ್ನು ಬೆರಳು ನೋಡಿಕೊಳ್ಳುತ್ತಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾದರೆ ಯಾರೂ ಬೈಯುವುದಿಲ್ಲ, ಅದೇ ಭಯ. 'ಇನ್ನು ನೀನು ಸುಮ್ಮನೆ ಕೂತಿರು ರೋಷನ್ ಬೀ, ನಾವು ಹೊಲೀತೇವೆ' ಎಂದು ಪ್ರೀತಿಯಿಂದಲೇ ಸೂಜಿ ಕಸಿದುಕೊಳ್ಳುತ್ತಾರೆ.

ಆ ಒಂದು ಭಯವನ್ನು ಮುಚ್ಚಿಡಲು ಹೋಗಿ ಈಗ ಇದು. ಬುರ್ಖಾ ಹಾಕಿಕೊಂಡು, ಕತ್ತರಿಯನ್ನೂ ಆರು ಸೂಜಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿ, ಬಾಗಿಲಿಗೆ ಬೀಗ ಜಡಿದು ಬಸ್ ಸ್ಟ್ಯಾಂಡಿಗೆ ಹೊರಟಳು.

ಬಸ್ಸಿನ ಬೋರ್ಡು ಓದಲಾಗಲಿಲ್ಲ. ಹಳದಿಯ ಮೇಲೆ ಕಪ್ಪು ಗೆರೆಗಳು ಕಲಸಿಹೋಗಿದ್ದವು. ಹೊರಡುತ್ತಿದ್ದ ಒಂದನ್ನು ಓಡಿ ಹತ್ತಿದಳು.

"ಎಲ್ಲಿಗಮ್ಮಾ?"

"ಕಾನಸೂರು."

"ಇದು ಬನವಾಸಿಗೆ ಹೋಗ್ತದೆ! ಕಾನಸೂರಿನ ಮೇಲೆ ಹೋಗೋ ಸಿದ್ದಾಪುರದ್ದು ಈಗಷ್ಟೇ ಹೋಯ್ತು, ನಿಮ್ಮ ಮುಂದೇನೇ. ಇಳೀರಿ, ಇಳೀರಿ."

ಮುಂದಿನ ಬಸ್ಸು ಹೊರಟಾಗ ಹತ್ತೂಕಾಲು. ಕಾನಸೂರಿಗೆ ಮುಕ್ಕಾಲು ಗಂಟೆ ಎಂದ ಕಂಡಕ್ಟರು ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಚೀಟಿ ಹರಿದುಕೊಟ್ಟ. ಹತ್ತೂಕಾಲಿಗೆ ಮುಕ್ಕಾಲು ಸೇರಿಸಿದರೆ ಹನ್ನೊಂದು. ಅವಳು ಮತ್ತೆ ಮತ್ತೆ ಸೇರಿಸಿದಳು, ಕಡಿಮೆಯಾಗಲಿಲ್ಲ.

ಎಲ್ಲಿ ಬಿಟ್ಟಿರಬಹುದು? ಕೌದಿಯನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ಚೌಕದೊಳಗೆ ಚೌಕ, ಸಾಲಿನೊಳಗೆ ಸಾಲು, ಕೊನೆಗೆ ನಡುವಿನಲ್ಲಿ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಮುಚ್ಚುವುದು ರೂಢಿ. ಹೊದ್ದವರು ಹಸಿದು ಮಲಗಬಾರದು, ಕೌದಿಯೂ ಹಸಿದಿರಬಾರದು ಎಂದು ಅತ್ತೆ ಹೇಳುತ್ತಿದ್ದರು. ಹೊಟ್ಟೆ ಮುಚ್ಚುವುದು ಯಾವಾಗಲೂ ರೋಷನ್ ಬೀಯ ಕೆಲಸ. ಅಕ್ಕಿಕಾಳಿನ ಜೊತೆಗೆ ಸೂಜಿಯನ್ನೂ ಒಳಗೆ ತಳ್ಳಿದೆನೇ? ಮೊನ್ನೆ ತುದಿಬೆರಳಿನಿಂದ ಕಾಳು ಸರಿಸಿದ್ದು ನೆನಪಿತ್ತು. ಸೂಜಿಯನ್ನು ಎಲ್ಲಿ ಚುಚ್ಚಿಟ್ಟೆ ಎಂಬುದು ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಕೂಸಿನ ಬೆನ್ನು ಸರಿಯಾಗಿ ಅದೇ ನಡುವಿಗೆ ಬರುತ್ತದೆ.

ಯಲ್ಲಾಪುರದಿಂದ ಹತ್ತೊಂಬತ್ತರ ಮದುಮಗಳಾಗಿ ಶಿರಸಿಗೆ ಬಂದಾಗ ಅವಳಿಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಗಂಡ ದಾವೂದ್ ಲಾರಿ ಓಡಿಸುತ್ತಿದ್ದ. ಹುಬ್ಬಳ್ಳಿಯಿಂದ ಈ ಏಳು ಸೂಜಿ ತಂದುಕೊಟ್ಟವನು ಅವನೇ. "ವಾರಕ್ಕೊಂದು ಮುರಿದ್ರೂ ಏಳು ವಾರ ಬರ್ತದೆ," ಎಂದು ಹಾಸ್ಯ ಮಾಡಿದ್ದ. ಒಂದೂ ಮುರಿಯಲಿಲ್ಲ. ಅವನೇ ಹೋದ. ಅವನು ತೀರಿಕೊಂಡ ವರ್ಷ ಅವಳು ಅವನ ಚೌಕುಳಿ ಲುಂಗಿಗಳನ್ನು ಮುಂದಿಟ್ಟುಕೊಂಡು ಜಗುಲಿಯಲ್ಲಿ ಒಬ್ಬಳೇ ಹೊಲಿಯುತ್ತಿದ್ದಾಗ, ಪಕ್ಕದ ಮನೆಯ ಗಂಗಕ್ಕ ಬಂದು ಇನ್ನೊಂದು ಸೂಜಿ ಎತ್ತಿಕೊಂಡು ಎದುರು ಅಂಚಿಗೆ ಕುಳಿತಿದ್ದಳು. ಹೊಲಿಗೆ ಸೊಟ್ಟಂಬಟ್ಟ. ರೋಷನ್ ಬೀ ಎಷ್ಟೋ ದಿನಗಳ ಮೇಲೆ ಅವತ್ತು ನಕ್ಕಳು. "ಗಂಗಕ್ಕ, ಇದೇನು, ಕೋಳಿ ನಡೆದ ಹಾಗಿದೆ?" ಗಂಗಕ್ಕ ತಲೆಯೆತ್ತದೆ ಹೇಳಿದ್ದಳು, "ನಮ್ಮನೇಲಿ ಕೋಳಿ ಸಾಕ್ತ್ವಿಲ್ಲೆ, ಯಂಗೆಂತ ಗೊತ್ತಿದ್ದು?"

ಅದಾಗಿ ಹದಿನಾರು ವರ್ಷ. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ಯಾರು ಮನೆ ಬಿಟ್ಟು ದೂರ ಹೋದರೂ ಎಲ್ಲ ಮನೆಯಿಂದ ಒಂದೊಂದು ಹಳೆಯ ಬಟ್ಟೆ ರೋಷನ್ ಬೀಯ ಜಗುಲಿಗೆ ಬರುತ್ತಿತ್ತು. ಇಪ್ಪತ್ತಮೂರು ಕೌದಿ ಹೋಗಿದ್ದವು. ಯಾವುದರಲ್ಲಿ ಯಾರ ಸೀರೆ, ಯಾರ ಶಾಲೆಯ ಅಂಗಿ ಎಂಬುದು ಅವಳಿಗೆ ಬಾಯಿಪಾಠ. ಗಗನಾಳ ಕೌದಿಯಲ್ಲಿ ಗಂಗಕ್ಕನ ತಂದೆಯ ಪಂಚೆಯಿದೆ, ದಾವೂದನ ಕೊನೆಯ ಲುಂಗಿಯಿದೆ, ಸನಾಳ ನಿಕಾಹ್‌ನ ದುಪಟ್ಟಾದ ಒಂದು ತುಂಡಿದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ, ಒಂದೊಂದು ಬದಿ. ಗಂಗಕ್ಕನದು ಕೆಂಪು, ಸನಾಳದು ಹಸಿರು. ಉಳಿದೆರಡು ಬದಿಯೂ ನಡುವಿನ ಹೊಟ್ಟೆಯೂ ರೋಷನ್ ಬೀಯದು, ಬಿಳಿ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯವರೆಗೆ ನಾಲ್ಕೂ ಬದಿಯಿಂದ ಒಳಕ್ಕೆ ಬರುತ್ತಿದ್ದರು. ಓಣಿಯ ಸುದ್ದಿಯೆಲ್ಲ ಹೊಲಿಗೆಯೊಳಗೆ ಹೋಗುತ್ತಿತ್ತು. ನಡುವೆ ಮೂವರ ಮೊಣಕಾಲು ಒಂದಕ್ಕೊಂದು ತಾಗುವಷ್ಟು ಹತ್ತಿರವಾದಾಗ ಕೌದಿ ಮುಗಿಯಿತೆಂದು ತಿಳಿಯುತ್ತಿತ್ತು.

ಇದನ್ನೆಲ್ಲ ಕಳೆದುಕೊಳ್ಳುವುದಾದರೆ ಕಳೆದುಕೊಂಡೇನು, ಅಲ್ಲಾಹ್, ಕೂಸಿಗೆ ಒಂದು ಗೀರೂ ಬೀಳದಿರಲಿ.

ಕಾನಸೂರಿನಲ್ಲಿ ಇಳಿದಾಗಲೇ ಹಾಡು ಕೇಳಿಸಿತು. ಗಂಗಕ್ಕನ ಅಳಿಯ ಸುಜಯನದು ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ, ಅದರ ಹಿಂದೆಯೇ ಮನೆ. ತನ್ನ ಮಗಳ ಸಮಾರಂಭಕ್ಕೆ ಅವನು ಎರಡು ದೊಡ್ಡ ಸ್ಪೀಕರನ್ನು ರಸ್ತೆಗೆ ಮುಖ ಮಾಡಿ ಇಟ್ಟಿದ್ದ. ಅದರೊಳಗಿಂದ ಹೆಂಗಸರು ತೂಗುವ ಹಾಡು ಹೇಳುತ್ತಿದ್ದರು.

ತೂಗುತ್ತಿದ್ದಾರೆ. ಎಂದರೆ ಮಲಗಿಸಿಯಾಗಿದೆ.

ಅರವತ್ತೆರಡು ವರ್ಷದ ಕಾಲುಗಳು ಓಡಿದವು. ಚಪ್ಪಲಿ ಬಾಗಿಲಲ್ಲಿ ಬಿಟ್ಟಳೋ, ರಸ್ತೆಯಲ್ಲೇ ಬಿಟ್ಟಳೋ. ಒಳಗೆ ಬಣ್ಣಗಳು, ಕುಂಕುಮದ, ಹೂವಿನ ವಾಸನೆ, "ಅರೇ, ರೋಷನಮ್ಮ!" ಎಂದು ಗಂಗಕ್ಕನ ಮಗಳು ಅಭಿಜ್ಞಾಳ ದನಿ. ರೋಷನ್ ಬೀಗೆ ಕಂಡದ್ದು ತೊಟ್ಟಿಲು ಮಾತ್ರ. ಅದರೊಳಗೆ ಅವಳ ಕೌದಿ, ಕೌದಿಯ ಮೇಲೆ ಬಿಳಿಯ ಬಟ್ಟೆ ಸುತ್ತಿದ ಪುಟ್ಟ ಗಂಟು. ಅದು ಅಳುತ್ತಿರಲಿಲ್ಲ. ಅಲುಗಾಡುತ್ತಲೂ ಇರಲಿಲ್ಲ. ಹಾಡುವವರನ್ನು ಸರಿಸಿ, ಎರಡೂ ಕೈ ಹಾಕಿ ಅದನ್ನು ಎದೆಗೆ ಎತ್ತಿಕೊಂಡಳು.

ತಣ್ಣಗಿತ್ತು. ಕಲ್ಲಿನ ಹಾಗೆ ಭಾರವಾಗಿ, ತಣ್ಣಗೆ ಇತ್ತು.

ರೋಷನ್ ಬೀಯ ಬಾಯಿಂದ ಹೊರಟ ಸದ್ದಿಗೆ ಹಾಡು ನಿಂತಿತು. ಮೈಕಿನಲ್ಲಿ ಅದು ರಸ್ತೆಯವರೆಗೂ ಕೇಳಿಸಿತಂತೆ.

ಮರುಗಳಿಗೆ ಯಾರೋ ಕಿಸಕ್ಕನೆ ನಕ್ಕರು. "ಅದು ಗುಂಡುಕಲ್ಲು ಮಾರಾಯ್ತಿ!" ಗಂಗಕ್ಕ ಓಡಿಬಂದು ಅವಳ ತೋಳು ಹಿಡಿದಳು. "ಮೊದಲು ಕಲ್ಲು ಮಲಗಿಸಿ ತೂಗೂದಲ್ದಾ? ಕೂಸು ಅಲ್ಲಿ, ಅಭಿಜ್ಞಾನ ತೊಡೆ ಮೇಲಿದ್ದು, ನೋಡು."

ರೋಷನ್ ಬೀ ನೋಡಿದಳು. ಅಷ್ಟು ದೂರದಲ್ಲಿ ಅಭಿಜ್ಞಾ ಒಂದು ಹಸಿರು ಮಬ್ಬು, ಅದರೊಳಗೆ ಏನೋ ಗುಲಾಬಿ. ಆ ಗುಲಾಬಿ ಆಕಳಿಸಿ ಸಣ್ಣಗೆ ಕೊಸರಾಡಿತು. ಅವಳ ಕೈಯಿಂದ ಕಲ್ಲನ್ನು ಯಾರೋ ಬಿಡಿಸಿಕೊಂಡರು.

"ಕೂಸನ್ನ ಇದರಲ್ಲಿ ಮಲಗಿಸ್ಬೇಡಿ," ಎಂದಳು. ಈ ಸಲ ಮಾತು ನಿಲ್ಲಲಿಲ್ಲ. "ಕೌದಿಯಲ್ಲಿ ಸೂಜಿ ಉಳಿದಿದೆ."

ಈಗ ಯಾರೂ ನಗಲಿಲ್ಲ. ಸುಜಯನ ತಾಯಿ ರೋಹಿಣಿ ಕೌದಿಯನ್ನು ಎರಡು ಬೆರಳಲ್ಲಿ ಹಾವಿನ ಪೊರೆ ಎತ್ತುವಂತೆ ಎತ್ತಿ ನೆಲಕ್ಕೆ ಹಾಕಿದಳು. "ಎಂತದು ಅತ್ತಿಗೆ ಇದು?" ಅವಳು ಕೇಳಿದ್ದು ಗಂಗಕ್ಕನನ್ನು. "ಕೂಸಿನ ಹಾಸಿಗೇಲಿ ಸೂಜಿಯ? ಪೇಟೇಲಿ ಮೆತ್ತನೆ ಬೆಡ್ ಸಿಗ್ತಿಲ್ಲ್ಯ? ಹಳೇ ಚಿಂದಿ ಬೇಡ ಹೇಳಿ ಆನು ಮೊದಲೇ ಹೇಳಿದ್ನಪ."

ರೋಷನ್ ಬೀ ನೆಲದಲ್ಲಿ ಕೂತು ಕತ್ತರಿ ತೆಗೆದಳು. ನಡುವಿನ ಬಿಳಿ ಹೊಲಿಗೆಯನ್ನು ಬೆರಳಿನಲ್ಲಿ ಹುಡುಕಿ ಕತ್ತರಿಸಿದಳು. ನಲವತ್ತು ವರ್ಷದಲ್ಲಿ ಕೌದಿಯ ಹೊಟ್ಟೆ ಬಿಚ್ಚಿದ್ದು ಇದೇ ಮೊದಲು. ನಾಲ್ಕು ಕಾಳು ಅಕ್ಕಿ ನೆಲಕ್ಕೆ ಬಿತ್ತು. ಬೆರಳು ತೂರಿಸಿ ಪದರ ಪದರವಾಗಿ ತಡಕಿದಳು. ಪಂಚೆಯ ಪದರ, ಲುಂಗಿಯ ಪದರ. ಸೂಜಿ ಇರಲಿಲ್ಲ.

"ಇಲ್ಲ," ಎಂದಳು. ಆ ಪದವನ್ನು ತನ್ನ ಬಾಯಲ್ಲೇ ಕೇಳಿ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ನಡುವಿನಲ್ಲಿಲ್ಲ ಎಂದರೆ ಎಲ್ಲಿ ಬೇಕಾದರೂ ಇರಬಹುದು. ಸಾವಿರ ಹೊಲಿಗೆಯ ಯಾವ ಮರೆಯಲ್ಲಾದರೂ. ಅಂಗೈ ಒತ್ತಿ ಸವರತೊಡಗಿದಳು. ಐದು ಪದರದ ಬಟ್ಟೆ ಏನನ್ನೂ ಬಿಟ್ಟುಕೊಡಲಿಲ್ಲ.

ಸುಜಯ ಅಂಗಡಿಗೆ ಹೋಗಿ ಬಂದ. ಕೈಯಲ್ಲಿ ಸುಟ್ಟುಹೋದ ಸ್ಪೀಕರಿನಿಂದ ಬಿಚ್ಚಿದ, ರೊಟ್ಟಿಯಷ್ಟು ಅಗಲದ ಆಯಸ್ಕಾಂತ. "ಸರೀರಿ ರೋಷನಮ್ಮ, ಇದು ಬಿಡೂದಿಲ್ಲ," ಎಂದು ಮೊಣಕಾಲೂರಿ ಕೌದಿಯ ಮೇಲೆ ಗೇಣು ಗೇಣಾಗಿ ಎಳೆದ. ರೋಷನ್ ಬೀಯ ಬಿಳಿ ಬದಿಯಲ್ಲಿ ಏನೂ ಇಲ್ಲ. ಇನ್ನೊಂದು ಬಿಳಿ ಬದಿ, ಇಲ್ಲ. ಹಸಿರು ಬದಿ, ಇಲ್ಲ. ಕೊನೆಯ ಬದಿಯಲ್ಲಿ, ಅಂಚಿನಿಂದ ಗೇಣುದ್ದ ಒಳಗೆ, ಬಟ್ಟೆಯಡಿಯಲ್ಲಿ ಏನೋ ತಟ್ಟನೆ ಎದ್ದು ನಿಂತಿತು.

ರೋಷನ್ ಬೀ ಅವನ ಕೈ ಸರಿಸಿ ತಾನೇ ಎರಡು ಹೊಲಿಗೆ ಬಿಚ್ಚಿದಳು. ಸೂಜಿಯ ತಲೆ ಸಿಕ್ಕಿತು. ಎಳೆದಳು. ಜೊತೆಗೆ ಮೊಳದುದ್ದ ದಾರವೂ ಬಂತು. ಕಣ್ಣ ಹತ್ತಿರ ತಂದಾಗ ಬಣ್ಣ ಕಂಡಿತು.

ಕೆಂಪು.

ಕಾರಿನ ಹಾರ್ನ್ ಕೇಳಿ ಗಂಗಕ್ಕ ಎದ್ದು ಓಡಿದ್ದು ಆಗ ನೆನಪಾಯಿತು. ಎದ್ದವಳು ಸೂಜಿಯನ್ನು ಇದ್ದಲ್ಲೇ ಚುಚ್ಚಿಟ್ಟಿರಬೇಕು, ಮಡಚುವಾಗ ಅದು ಪದರದೊಳಗೆ ಜಾರಿರಬೇಕು. ರೋಷನ್ ಬೀ ಮುಷ್ಟಿ ಮುಚ್ಚಿದಳು. ಸೂಜಿ ಅಂಗೈಗೆ ಚುಚ್ಚಿತು. ಬಿಡಲಿಲ್ಲ.

"ಸಿಕ್ಕಿತು," ಎಂದಳು. "ನನ್ನ ತಪ್ಪು. ಎಣಿಸೋದು ನನ್ನ ಕೆಲಸ."

"ತಪ್ಪು ಹೇಳಿರೆ ಸಾಕಾ?" ರೋಹಿಣಿಯ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. "ಕಲ್ಲು ಯಾವ್ದು, ಕೂಸು ಯಾವ್ದು ಹೇಳಿ ಕಾಣದಿದ್ದವ್ರು ಸೂಜಿ ಹಿಡೀಲಾಗ."

ಅಷ್ಟರಲ್ಲಿ ಗಂಗಕ್ಕ ಎದುರು ಬಂದು ಕುಳಿತಿದ್ದಳು. ಹದಿನಾರು ವರ್ಷದ ಹಿಂದೆ ಕುಳಿತ ಹಾಗೆ, ಎದುರು ಅಂಚಿಗೆ.

"ಕೈ ಬಿಡಿಸು."

"ಯಾಕೆ? ಬಿಡು ಗಂಗಕ್ಕ."

"ಬಿಡಿಸು ಅಂದ್ನಲ್ಲ. ದಾರ ಹೊರಗೆ ನೇತಾಡ್ತಾ ಇದ್ದು, ಮುಚ್ಚಿಡ್ತಾಳಂತೆ." ಗಂಗಕ್ಕ ಒಂದೊಂದೇ ಬೆರಳು ಬಿಡಿಸಿ ಸೂಜಿಯನ್ನು ತೆಗೆದುಕೊಂಡಳು. ಬೀಗಿತ್ತಿಯ ಕಡೆ ಹಿಡಿದಳು. "ಕೆಂಪು ದಾರ ಯನ್ನದು, ರೋಹಿಣಿ. ಬಿಟ್ಟಿದ್ದು ಆನು. ಯನ್ನ ಮೊಮ್ಮಗಳ ಬೆನ್ನಿಗೆ ಸೂಜಿ ಇಟ್ಟು ಕಾರು ಹತ್ತಿದ್ದು ಆನೇ."

ರೋಹಿಣಿ ಸೊಸೆಯ ಪಕ್ಕಕ್ಕೆ ಹೋಗಿ ಕೂಸಿನ ಬೆನ್ನು ಸವರಿದಳು.

"ಎಣಿಸಿದ್ದು ನಾನು," ರೋಷನ್ ಬೀ ಮತ್ತೆ ಹೇಳಿದಳು. ಇನ್ನು ಮುಚ್ಚಿಟ್ಟು ಏನಾಗಬೇಕಿತ್ತು? "ಕಣ್ಣು ಕಾಣ್ತಿಲ್ಲ ಗಂಗಕ್ಕ. ಒಂದು ವರ್ಷ ಆಯ್ತು. ತಲೆಪಿನ್ನಿಗೂ ಸೂಜಿಗೂ ವ್ಯತ್ಯಾಸ ತಿಳೀಲಿಲ್ಲ. ಬೆಳಿಗ್ಗೆ ಫೋನಲ್ಲೂ ಹೇಳ್ಲಿಲ್ಲ, ಹೇಳಬಹುದಿತ್ತು. ನೀವು ಸೂಜಿ ಕಸೀತೀರಿ ಅಂತ ಹೆದ್ರಿಕೆ."

ಗಂಗಕ್ಕ ಗದ್ದ ಹಿಡಿದು ಅವಳ ಮುಖವನ್ನು ಬೆಳಕಿಗೆ ತಿರುಗಿಸಿದಳು. "ಎದುರಿಗೇ ಕೂತಿದ್ದೆ, ದಿನಾ," ಎಂದಳು. "ಆನೂ ನೋಡಿದ್ನಿಲ್ಲೆ."

ಅಭಿಜ್ಞಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. "ಆಯಿ, ದಾರ ಪೋಣಿಸು. ರೋಷನಮ್ಮ, ಹೊಟ್ಟೆ ಮುಚ್ಚಿಕೊಡಿ. ಕೂಸಿಗೆ ನಿದ್ದೆ ಬರ್ತಾ ಇದೆ."

"ಬೇಡ ಅಭಿಜ್ಞಾ, ಇವತ್ತು ಬೇಡ," ರೋಷನ್ ಬೀ ಕೈ ಹಿಂದಕ್ಕೆಳೆದುಕೊಂಡಳು. "ನನಗೆ ಹೆದ್ರಿಕೆ."

"ನಂಗೂ," ಎಂದಳು ಅಭಿಜ್ಞಾ. ಆದರೆ ಅಲ್ಲಿಂದ ಕದಲಲಿಲ್ಲ.

ಗಂಗಕ್ಕ ಬಿಳಿ ದಾರ ಪೋಣಿಸಿ ಕೊಟ್ಟಳು. ನೆಲಕ್ಕೆ ಬಿದ್ದ ಅಕ್ಕಿಯನ್ನು ಹೆಕ್ಕಲು ಹೋದಾಗ ರೋಹಿಣಿ, "ಅದು ಬ್ಯಾಡ, ನೆಲದ್ದು," ಎಂದು ಒಳಗಿಂದ ಒಂದು ಚಿಟಿಕೆ ಹೊಸ ಅಕ್ಕಿ ತಂದು ರೋಷನ್ ಬೀಯ ಮುಂದೆ ಇಟ್ಟಳು, ಮುಖ ಬೇರೆ ಕಡೆ ತಿರುಗಿಸಿಕೊಂಡೇ. ಹೊಟ್ಟೆ ಮುಚ್ಚಿತು. ಬಿಚ್ಚಿದ್ದ ಕೆಂಪು ಹೊಲಿಗೆಯೂ ಮುಚ್ಚಿತು. ಡಬ್ಬಿಯನ್ನು ತೆರೆದಿಟ್ಟು ಗಂಗಕ್ಕ ಗಟ್ಟಿಯಾಗಿ ಎಣಿಸಿದಳು. ಏಳು. ಸುಜಯ ಎಣಿಸಿದ. ಏಳು.

ಅಷ್ಟಾದರೂ ರೋಷನ್ ಬೀ ಕೌದಿಯನ್ನು ಕೊಡಲಿಲ್ಲ. ನೆಲಕ್ಕೆ ಹಾಸಿ, ಬಾಗಿ, ಅದರ ಮೂಲೆಗೆ ಕೆನ್ನೆ ಇಟ್ಟು ಒತ್ತಿದಳು. ಕಣ್ಣು ಮುಚ್ಚಿ ಕಾದಳು. ಗೇಣು ಸರಿದು ಮತ್ತೆ ಒತ್ತಿದಳು. ಪ್ರತಿ ಸಲವೂ ಅನ್ನಿಸುತ್ತಿತ್ತು, ಈಗ ಚುಚ್ಚುತ್ತದೆ, ಈಗ. ಎದುರು ಬದಿಯಿಂದ ಗಂಗಕ್ಕನೂ ಬಾಗಿ ಕೆನ್ನೆ ಇಟ್ಟಳು. ಯಾರೂ ಹಾಡಲಿಲ್ಲ, ಅವಸರ ಮಾಡಲಿಲ್ಲ. ಇಬ್ಬರೂ ಅಂಚಿನಿಂದ ಒಳಕ್ಕೆ ಬಂದರು, ಹಣೆಗೆ ಹಣೆ ತಾಗುವವರೆಗೆ.

ಹನ್ನೆರಡಕ್ಕೆ ಗಗನಾಳನ್ನು ತೊಟ್ಟಿಲಿಗೆ ಹಾಕಿದರು. ಅವಳನ್ನು ಮಲಗಿಸುವಾಗ ರೋಷನ್ ಬೀ ತನ್ನ ಅಂಗೈಯನ್ನು ಕೌದಿಗೂ ಕೂಸಿನ ಬೆನ್ನಿಗೂ ನಡುವೆ ಇಟ್ಟಳು. ಕೆಂಪು ದಾರದ ಸೂಜಿ ಚುಚ್ಚಿದಲ್ಲಿ ಇನ್ನೂ ಉರಿಯುತ್ತಿತ್ತು. ಕೂಸಿನ ಉಸಿರು ಅಂಗೈಯ ಮೇಲೆ ಏರಿ ಇಳಿಯಿತು. ಕೆಳಗಿನಿಂದ ಏನೂ ಚುಚ್ಚಲಿಲ್ಲ.

"ಕೈ ತೆಗೀರಿ ಈಗ," ರೋಹಿಣಿ ತೊಟ್ಟಿಲ ಹಗ್ಗ ಹಿಡಿದು ಹೇಳಿದಳು. ದನಿ ಸ್ವಲ್ಪ ಮೆತ್ತಗಾಗಿತ್ತು. "ತೂಗ್ಬೇಕಲ್ಲ?"

"ಒಂದು ನಿಮಿಷ," ಎಂದಳು ರೋಷನ್ ಬೀ. ಕೂಸು ನಿದ್ದೆ ಹೋಗುವವರೆಗೂ ಕೈ ತೆಗೆಯಲಿಲ್ಲ.